ಎಕ್ಸ್‌ರೇ ಕಂಡುಹಿಡಿಯುವ ಮುಂಚಿನ ಎಕ್ಸ್‌ರೇ ಬೆಳಕು ಈಗ ಹೇಗೆ ಸಿಕ್ಕಿತು? (9ನೇ ತರಗತಿ ಹುಡುಗಿಯ ಪ್ರಶ್ನೆ)

ಸುರಪುರ ಟೀಚರ್:

ಎಲ್ಲರಿಗೂ ನಮಸ್ಕಾರ. ಸುರಪುರದ ಹತ್ತಿರ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ಸೋಮವಾರದೊಳಗೆ ಒಂದು ಉತ್ತರ ಬೇಕು. ಕೇಳಿದವಳು ಮರೆಯುವ ಹುಡುಗಿಯಲ್ಲ.

ಶುಕ್ರವಾರ ಶಬ್ದದ ಪಾಠ ಮುಗಿಯಿತು. ಇನ್ನೂ ಹತ್ತು ನಿಮಿಷ ಇತ್ತು. ಮಕ್ಕಳು ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಬಗ್ಗೆ ಹೇಳಿ ಅಂತ ಹಟ ಹಿಡಿದರು. ನಮ್ಮ ಹಾಲುಹಾದಿಯ ನಟ್ಟನಡುವೆ ಸ್ಯಾಜಿಟೇರಿಯಸ್ ಎ ಸ್ಟಾರ್ ಅನ್ನುವ ಕಪ್ಪುಕುಳಿ ಇದೆ, 40 ಲಕ್ಷ ಸೂರ್ಯರಷ್ಟು ತೂಕ, ನಮ್ಮಿಂದ ಸುಮಾರು 26,000 ಬೆಳಕಿನ ವರ್ಷ ದೂರ ಅಂತ ಹೇಳಿದೆ. ಈಗ ಅದು ತಣ್ಣಗೆ ಕೂತಿದೆ, ಆದರೆ 200 ವರ್ಷದ ಹಿಂದೆ ಏನನ್ನೋ ನುಂಗಿ ಎಕ್ಸ್‌ರೇಯಲ್ಲಿ ಭಗ್ಗನೆ ಬೆಳಗಿತ್ತು ಅಂತ ಎಲ್ಲೋ ಓದಿದ್ದನ್ನೂ ಸೇರಿಸಿದೆ. ಮಕ್ಕಳಿಗೆ ಕಾಲದ ಅಂದಾಜು ಸಿಗಲಿ ಅಂತ, ಇಲ್ಲಿ ಟೇಲರ್ ಮಂಜಿಲ್ ಕಟ್ಟಿದ್ದು 1840ರ ದಶಕದಲ್ಲಿ, ಅದಕ್ಕೂ ಸ್ವಲ್ಪ ಮುಂಚೆ ಅಂದೆ.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಟೀಚರ್, ಎಕ್ಸ್‌ರೇ ಕಂಡುಹಿಡಿದದ್ದೇ 1895ರಾಗ ಅಂತ ನೀವೇ ಹೇಳೀರಿ. ಮತ್ತ ಅದನ್ನ ಯಾರು ನೋಡಿದ್ರು?" ನಾನು ಉತ್ತರ ಹುಡುಕುತ್ತಿರುವಾಗಲೇ ಇನ್ನೊಂದು ಕೇಳಿದಳು. "26,000 ಬೆಳಕಿನ ವರ್ಷ ದೂರ ಐತಿ ಅಂದ್ರ, 200 ವರ್ಷದ ಹಿಂದಿನ ಬೆಳಕು ಇನ್ನೂ ದಾರ್ಯಾಗೇ ಇರಬೇಕಲ್ಲ?"

ಎರಡೂ ಸರಿಯಾದ ಪ್ರಶ್ನೆ. ನನ್ನ ಬಾಯಿ ಕಟ್ಟಿತು. ಸೋಮವಾರ ಹೇಳುತ್ತೇನೆ ಅಂದೆ. ಮಕ್ಕಳಿಗೆ ತಿಳಿಯುವ ಹಾಗೆ ಯಾರಾದರೂ ಬಿಡಿಸಿ ಹೇಳುತ್ತೀರಾ?

ಭೀಮಾತೀರ:

ಎರಡನೇ ಪ್ರಶ್ನೆ ಸುಲಭ ಮೇಡಂ, ಅದನ್ನು ಮೊದಲು ಮುಗಿಸೋಣ. ಹುಡುಗಿ ಹೇಳಿದ್ದು ಸರಿ. ಈ ಕ್ಷಣ ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು 26,000 ವರ್ಷ ಬೇಕು. "200 ವರ್ಷದ ಹಿಂದೆ" ಅನ್ನುವಾಗ ಖಗೋಳದವರು ಆ 26,000ವನ್ನು ಬದಿಗಿಟ್ಟು ಮಾತಾಡುತ್ತಾರೆ.

ಮಕ್ಕಳಿಗೆ ಹೀಗೆ ಹೇಳಿ. ಯಾದಗಿರಿಯಿಂದ ಒಂದೇ ಹೊತ್ತಿಗೆ ಎರಡು ಬಸ್ಸು ಬಿಟ್ಟವು. ಒಂದು ನೇರ ಕಲಬುರಗಿಗೆ. ಇನ್ನೊಂದು ಶಹಾಪುರ, ಜೇವರ್ಗಿ ಸುತ್ತಿ ಕಲಬುರಗಿಗೆ. ಬೆಳಕೂ ಹಾಗೇ ಎರಡು ದಾರಿ ಹಿಡಿಯಿತು. ನೇರ ಬಂದ ಬೆಳಕು ಸುಮಾರು 1820ರ ಹೊತ್ತಿಗೆ ಭೂಮಿ ದಾಟಿ ಹೋಯಿತು. ಆಗ ನಿಲ್ದಾಣದಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ. ಇನ್ನೊಂದಿಷ್ಟು ಬೆಳಕು ಬೇರೆ ಕಡೆ ಹೋಗಿ, ಅಲ್ಲಿದ್ದ ಒಂದು ಮೋಡಕ್ಕೆ ಬಡಿದು, ತಿರುಗಿ ನಮ್ಮ ಕಡೆ ಹೊರಟಿತು. ಅದು ಈಗ ಬಂದು ಇಳಿಯುತ್ತಿದೆ. ಎರಡು ಬಸ್ಸಿನ ನಡುವಿನ ತಡ, ಅದೇ 200 ವರ್ಷ.

ಆ ಮೋಡದ ವಿಷಯ ಟಂಚ್ ಅಂಗಡಿಯ ಅಣ್ಣ ಚೆನ್ನಾಗಿ ಹೇಳುತ್ತಾರೆ. ಅಣ್ಣಾ, ಇದ್ದೀರಾ?

ಟಂಚ್ ಅಂಗಡಿ, ಕಲಬುರಗಿ:

ಇದ್ದೇನೆ. ಅಕ್ಕೋರೆ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಓದಿದೆ. ಓದಿದ ಮೇಲೆ ಒಂದು ಗಂಟೆ ಅಲ್ಲೇ ಕೂತೆ.

ನಾನು ಸರಾಫ್ ಬಜಾರಿನಲ್ಲಿ ಬಂಗಾರದ ಟಂಚ್ ತೆಗೆಯುವವನು, ಅಂದರೆ ಬಂಗಾರ ಎಷ್ಟು ಶುದ್ಧ ಅಂತ ನೋಡಿ ಹೇಳುವವನು. ಓದಿದ್ದು ಭೌತಶಾಸ್ತ್ರ, ಎಂಎಸ್ಸಿ. ಅಪ್ಪ ಹಾಸಿಗೆ ಹಿಡಿದ ಮೇಲೆ ಅಂಗಡಿಗೆ ಬಂದೆ. ಅಪ್ಪನದು ಒರೆಗಲ್ಲು, ನನ್ನದು ಎಕ್ಸ್‌ರೇ ಮಷೀನು. ಆ ಕಪ್ಪುಕುಳಿಯ ಹಳೇ ಕಥೆಯನ್ನು ಓದಿದವರು ಮಾಡಿದ ಕೆಲಸವೂ, ದಿನಾ ನಾನು ಮಾಡುವ ಕೆಲಸವೂ ಬೇರು ಹಿಡಿದು ನೋಡಿದರೆ ಒಂದೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗಿರಾಕಿ ಬೋರಮಾಳ ತರುತ್ತಾರೆ. ನಾನು ಮಷೀನಿನ ಮುಚ್ಚಳ ಎತ್ತಿ, ಸಣ್ಣ ಕಿಂಡಿಯ ಮೇಲೆ ಒಂದು ಗುಂಡು ಬರುವ ಹಾಗೆ ಸರವನ್ನು ಇಟ್ಟು ಮುಚ್ಚುತ್ತೇನೆ. ಕೆಳಗಿನ ಟ್ಯೂಬಿನಿಂದ ಎಕ್ಸ್‌ರೇ ಬಂದು ಅದಕ್ಕೆ ಹೊಡೆಯುತ್ತದೆ. ಲೋಹದ ಪರಮಾಣುವಿನ ಒಳಮನೆಯಲ್ಲಿ ಕೂತ ಒಂದು ಎಲೆಕ್ಟ್ರಾನು ಏಟು ತಿಂದು ಹೊರಗೆ ಹಾರುತ್ತದೆ. ಖಾಲಿಯಾದ ಜಾಗಕ್ಕೆ ಮೇಲಿನ ಎಲೆಕ್ಟ್ರಾನು ಇಳಿಯುತ್ತದೆ. ಇಳಿಯುವಾಗ ತನ್ನದೇ ಒಂದು ಎಕ್ಸ್‌ರೇ ಬಿಡುತ್ತದೆ. ಒಂದೊಂದು ಲೋಹಕ್ಕೆ ಒಂದೊಂದು ಅಂಕಿ. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಗುಡ್ಡದ ಹಾಗೆ ಗೆರೆ ಏಳುತ್ತದೆ. 9.7ರಲ್ಲಿ ಎದ್ದರೆ ಬಂಗಾರ. 8ರಲ್ಲಿ ಎದ್ದರೆ ತಾಮ್ರ. 22ರಲ್ಲಿ ಬೆಳ್ಳಿ. (ಈ ಅಂಕಿಗಳು ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ. ಮಕ್ಕಳಿಗೆ ಎಕ್ಸ್‌ರೇಯ ಬಣ್ಣ ಅಂತ ಹೇಳಿದರೆ ಸಾಕು.) ಒಮ್ಮೆ ಒಬ್ಬರು ಬಿದರಿಯ ಹಳೇ ಹೂದಾನಿ ತಂದಿದ್ದರು. ಸತುವಿನ ಗೆರೆ 8.6ರಲ್ಲಿ ಎತ್ತರಕ್ಕೆ ಎದ್ದಿತು, ಪಕ್ಕದಲ್ಲಿ ತಾಮ್ರ ಸಣ್ಣಗೆ. ಇನ್ನೊಂದು ಕಡೆ ಇಟ್ಟಾಗ ಹೂವಿನ ಎಸಳಿನ ಬೆಳ್ಳಿಯೂ ಕಂಡಿತು. ಅದನ್ನು ನೋಡಿದ ಸಂತೋಷ ಇವತ್ತಿಗೂ ಇದೆ.

ಈಗ ಮುಖ್ಯವಾದ ಮಾತು. ಸರ ತಾನಾಗಿ ಎಕ್ಸ್‌ರೇ ಕೊಡುವುದಿಲ್ಲ. ಟ್ಯೂಬ್ ಆರಿಸಿದರೆ ಪರದೆಯ ಗೆರೆ ನೆಲಕ್ಕೆ ಮಲಗುತ್ತದೆ. ಹಾಗಾದರೆ ತಣ್ಣಗಿನ ಲೋಹದ ಗೆರೆ ಎಲ್ಲಾದರೂ ಕಂಡರೆ, ಅದಕ್ಕೆ ಹೊರಗಿನಿಂದ ಏನೋ ಬಂದು ಹೊಡೆದಿದೆ ಅಂತಲೇ ಅರ್ಥ.

ನಿನ್ನೆ ರಾತ್ರಿ ನಾನು ಗೋಡೆಯ ಕ್ಯಾಲೆಂಡರ್ ಇಳಿಸಿ, ಅದರ ಮೊಳೆ ಕಿತ್ತು ಮಷೀನಿನಲ್ಲಿಟ್ಟೆ. ತುಕ್ಕು ಹಿಡಿದ ಕಬ್ಬಿಣದ ಮೊಳೆ. ಗೆರೆ 6.4ರಲ್ಲಿ ಎದ್ದಿತು. ಅದರ ಬಲಕ್ಕೆ 7ರ ಹತ್ತಿರ ಇನ್ನೊಂದು ಸಣ್ಣದು, ತಮ್ಮ ನಿಂತ ಹಾಗೆ. ಈ 6.4 ನೆನಪಿಟ್ಟುಕೊಳ್ಳಿ.

ಕಪ್ಪುಕುಳಿಯಿಂದ ಸುಮಾರು 300 ಬೆಳಕಿನ ವರ್ಷ ದೂರದಲ್ಲಿ ಸ್ಯಾಜಿಟೇರಿಯಸ್ ಬಿ2 ಅನ್ನುವ ಭಾರಿ ಮೋಡ ಇದೆ. ನಮ್ಮ ಮಳೆಮೋಡ ಅಲ್ಲ. ಅನಿಲ, ಧೂಳು, ಅದರಲ್ಲಿ ಚೂರು ಕಬ್ಬಿಣ. ಕೊರೆಯುವ ತಣ್ಣಗಿನ ಜಾಗ. 1990ರ ದಶಕದ ಮೊದಲಿಗೆ ರಷ್ಯಾದ ಗ್ರಾನಾಟ್ ಉಪಗ್ರಹ ಕಪ್ಪುಕುಳಿಯ ಸುತ್ತಮುತ್ತಲ ಮೋಡಗಳ ದಿಕ್ಕಿನಿಂದ ಎಕ್ಸ್‌ರೇ ಬರುವುದನ್ನು ಕಂಡಿತು. ಖಗೋಳ ವಿಜ್ಞಾನಿ ಸುನ್ಯಾಯೆವ್ ಮತ್ತು ಅವರ ಜೊತೆಗಾರರು 1993ರಲ್ಲೇ ಹೇಳಿದರು, ಇದು ಕಪ್ಪುಕುಳಿಯ ಹಳೇ ಬೆಳಕು ಬಡಿದು ಬರುತ್ತಿರಬಹುದು, ಹಾಗಿದ್ದರೆ ಕಬ್ಬಿಣದ 6.4 ಗೆರೆ ಕಾಣಬೇಕು ಅಂತ. 1996ರಲ್ಲಿ ಜಪಾನಿನ ಕೊಯಾಮಾ ತಂಡ ಆಸ್ಕಾ ಉಪಗ್ರಹದಿಂದ ನೋಡಿದ್ದನ್ನು ಪ್ರಕಟಿಸಿತು. ಮೋಡದಿಂದ 6.4 ಬರುತ್ತಿತ್ತು. ನನ್ನ ಮೊಳೆಯ ಅಂಕಿಯೇ.

ಬಿಸಿ ಅನಿಲದಲ್ಲೂ ಕಬ್ಬಿಣ ಇರುತ್ತದಲ್ಲ ಅಂತ ಯಾರಾದರೂ ಕೇಳಬಹುದು. ಇರುತ್ತದೆ. ಆದರೆ ಕೋಟಿಗಟ್ಟಲೆ ಡಿಗ್ರಿಯಲ್ಲಿ ಕಬ್ಬಿಣ ತನ್ನ 26 ಎಲೆಕ್ಟ್ರಾನಿನಲ್ಲಿ 24 ಕಳೆದುಕೊಂಡಿರುತ್ತದೆ. ಆಗ ಗೆರೆ 6.7ಕ್ಕೆ ಸರಿಯುತ್ತದೆ. 6.4 ಅಂದರೆ ತಣ್ಣಗಿನ ಕಬ್ಬಿಣ. ತಾನಾಗಿ ಹೊಳೆಯುವ ಶಕ್ತಿ ಅದಕ್ಕಿಲ್ಲ. ಹೊಡೆದವರು ಬೇರೆ ಯಾರೋ.

ಯಾರು? ಆ ಮೋಡವನ್ನು ಅಷ್ಟು ಬೆಳಗಿಸುವ ಪ್ರಖರ ಎಕ್ಸ್‌ರೇ ದೀಪ ಈಗ ಅಲ್ಲಿ ಯಾವುದೂ ಇಲ್ಲ. ಕಪ್ಪುಕುಳಿಯಂತೂ ಸುಮ್ಮನಿದ್ದಾಗ ಕೊಡುವ ಎಕ್ಸ್‌ರೇ ಒಟ್ಟು ನಮ್ಮ ಒಬ್ಬ ಸೂರ್ಯ ಸುರಿಸುವ ಬೆಳಕಿನಷ್ಟೂ ಆಗುವುದಿಲ್ಲ. 40 ಲಕ್ಷ ಸೂರ್ಯರ ತೂಕದ್ದು, ಯೋಚಿಸಿ. ಮೋಡದ ಹೊಳಪಿನಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಅದು ಒಂದು ಕಾಲಕ್ಕೆ ಈಗಿನದಕ್ಕಿಂತ ಸುಮಾರು 10 ಲಕ್ಷ ಪಟ್ಟು ಬೆಳಗಿರಬೇಕು ಅಂತ ಬಂತು. 2004ರಲ್ಲಿ ಇಂಟೆಗ್ರಲ್ ಉಪಗ್ರಹದ ಮಾಹಿತಿಯೂ ಅದನ್ನೇ ಹೇಳಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಇನ್ನೊಂದಿದೆ. 2000ದ ನಂತರ ವರ್ಷ ವರ್ಷಕ್ಕೂ ಈ ಬಿ2 ಮೋಡ ಮಂಕಾಗುತ್ತಾ ಬಂತು. ಇಷ್ಟು ದೊಡ್ಡ ಮೋಡ ತಾನೇ ಹತ್ತು ವರ್ಷದಲ್ಲಿ ಬದಲಾಗಲು ಸಾಧ್ಯವಿಲ್ಲ. ಅದರ ಮೇಲೆ ಬಿದ್ದ ಬೆಳಕು ದಾಟಿ ಹೋಗುತ್ತಿತ್ತು. ರಾತ್ರಿ ಹೊಲದ ರಸ್ತೆಯಲ್ಲಿ ಲಾರಿ ಹೋದಾಗ ಬೇವಿನ ಮರಗಳು ಒಂದೊಂದಾಗಿ ಬೆಳಗಿ ಆರುವುದನ್ನು ನೋಡಿದ್ದೀರಲ್ಲ? ಹಾಗೆ. ಕಪ್ಪುಕುಳಿಗೆ ಹತ್ತಿರದ ಸಣ್ಣ ಮೋಡಗಳಲ್ಲೂ ಹೊಳಪು ಒಂದು ಕಡೆಯಿಂದ ಇನ್ನೊಂದು ಕಡೆ ಓಡುವುದನ್ನು ಚಂದ್ರಾ ಮತ್ತು ಎಕ್ಸ್‌ಎಂಎಂ ನ್ಯೂಟನ್ ಅನ್ನುವ ದುರ್ಬೀನುಗಳು ಹಿಡಿದಿವೆ. ನೋಡಲು ಬೆಳಕಿಗಿಂತ ವೇಗವಾಗಿ ಓಡಿದ ಹಾಗೆ ಕಾಣುತ್ತದೆ. ನಿಜವಾಗಿ ಯಾವ ವಸ್ತುವೂ ಓಡುತ್ತಿಲ್ಲ. ಮೋಡದ ಬೇರೆ ಬೇರೆ ಭಾಗ ಸರದಿಯಂತೆ ಹೊಳೆಯುತ್ತಿದೆ ಅಷ್ಟೇ.

ಶಬ್ದದ ಪಾಠ ಮುಗಿಸಿದ್ದೀರಿ ಅಂದಿರಲ್ಲ, ಪ್ರತಿಧ್ವನಿ ಅಲ್ಲೇ ಬರುತ್ತದೆ. ಸುರಪುರದ ಸುತ್ತ ಬೆಟ್ಟ ಇದೆ. ಒಂದೇ ಒಂದು ಸದ್ದು ಮಾಡಿ, ಹತ್ತಿರದ ಬೆಟ್ಟದಿಂದ ಬೇಗ, ದೂರದ ಬೆಟ್ಟದಿಂದ ತಡವಾಗಿ ತಿರುಗಿ ಬರುವುದನ್ನು ಕೇಳಿಸಿ. ಕಪ್ಪುಕುಳಿಯ ಸುತ್ತಲಿನ ಒಂದೊಂದು ಮೋಡವೂ ಒಂದೊಂದು ಬೆಟ್ಟ.

ಬೀದರ್ ಕೋಟೆ:

ಅಣ್ಣಾ, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಅನುಮಾನ. ತಣ್ಣಗಿನ ಕಬ್ಬಿಣಕ್ಕೆ ಎಕ್ಸ್‌ರೇಯೇ ಹೊಡೆಯಬೇಕು ಅಂತೇನಿಲ್ಲ ಅಲ್ವಾ? ವೇಗದ ಎಲೆಕ್ಟ್ರಾನು, ಪ್ರೋಟಾನು ಬಡಿದರೂ 6.4 ಬರುತ್ತದೆ. ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಲೋಹ ಗುರುತಿಸುವುದು ಹಾಗೇ. ಹಾಲುಹಾದಿಯ ನಡುವೆ ಕಾಸ್ಮಿಕ್ ಕಿರಣ, ಅಂದರೆ ಭಾರಿ ವೇಗದಲ್ಲಿ ಓಡುವ ಇಂಥ ಕಣಗಳು, ಜಾಸ್ತಿ ಇರುತ್ತದೆ. ಅವೇ ಮೋಡವನ್ನು ಬೆಳಗಿಸಿರಬಹುದಲ್ಲ? ಇನ್ನೊಂದು. ಕೆಲವರು 100 ವರ್ಷ ಅಂತಾರೆ, ಕೆಲವರು 200, ಕೆಲವರು 300ರಿಂದ 400. ಯಾವುದನ್ನು ನಂಬುವುದು?

ಟಂಚ್ ಅಂಗಡಿ, ಕಲಬುರಗಿ:

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಈ ಜಗಳ ಖಗೋಳದವರಲ್ಲೂ ಬಹಳ ವರ್ಷ ನಡೆಯಿತು. ಕೆಲವೇ ವರ್ಷದಲ್ಲಿ ಏರಿಳಿಯುವ ಹೊಳಪನ್ನು ಕಾಸ್ಮಿಕ್ ಕಿರಣಗಳಿಂದ ವಿವರಿಸುವುದು ಕಷ್ಟ. ಅವು ಅಷ್ಟು ಬೇಗ ಬಂದು ಬೇಗ ಹೋಗುವುದಿಲ್ಲ. ಮಂಕಾಗಿ ಒಂದೇ ಸಮ ಉಳಿಯುವ ಹೊಳಪಿನಲ್ಲಿ ಅವುಗಳ ಪಾಲೂ ಇರಬಹುದು.

ಗಟ್ಟಿ ಉತ್ತರ ಬಂದದ್ದು ಐಎಕ್ಸ್‌ಪಿಇ ಅನ್ನುವ ದುರ್ಬೀನಿನಿಂದ. ನಾಸಾ ಮತ್ತು ಇಟಲಿಯ ಬಾಹ್ಯಾಕಾಶ ಸಂಸ್ಥೆ ಸೇರಿ 2021ರ ಡಿಸೆಂಬರಿನಲ್ಲಿ ಹಾರಿಸಿದ್ದು. ಇದು ಎಕ್ಸ್‌ರೇ ಎಷ್ಟು ಬಂತು ಅನ್ನುವುದರ ಜೊತೆಗೆ ಯಾವ ದಿಕ್ಕಿಗೆ ಅದುರುತ್ತಾ ಬಂತು ಅನ್ನುವುದನ್ನೂ ಅಳೆಯುತ್ತದೆ. ಅದಕ್ಕೆ ಧ್ರುವೀಕರಣ ಅಂತಾರೆ. ಎಕ್ಸ್‌ರೇ ಮೋಡಕ್ಕೆ ಬಡಿದು ಪಕ್ಕಕ್ಕೆ ಚೆದುರಿದಾಗ ಅದರ ಅದುರುವಿಕೆ, ಬೆಳಕಿನ ಮೂಲ ಇರುವ ದಿಕ್ಕಿಗೆ ಅಡ್ಡಡ್ಡ ಇರುತ್ತದೆ. ಆಕಾಶದ ನಕ್ಷೆಯಲ್ಲಿ ಆ ಅಡ್ಡಗೆರೆಗೆ ಲಂಬವಾಗಿ ಇನ್ನೊಂದು ಗೆರೆ ಎಳೆದರೆ ಬಂದ ಮನೆ ಸಿಗುತ್ತದೆ. (6.4ರ ಗೆರೆಗೆ ಈ ಗುಣ ಇಲ್ಲ. ಅದು ಎಲ್ಲ ಕಡೆಗೂ ಒಂದೇ ಸಮ ಹೊರಡುತ್ತದೆ. ಅದರ ಜೊತೆ ಚೆದುರಿ ಬರುವ ಉಳಿದ ಎಕ್ಸ್‌ರೇಯಲ್ಲಿ ಇದು ಸಿಗುತ್ತದೆ.)

2022ರ ಫೆಬ್ರವರಿ, ಮಾರ್ಚಿನಲ್ಲಿ ಕಪ್ಪುಕುಳಿಗೆ ಹತ್ತಿರದ ಮೋಡಗಳನ್ನು ನೋಡಿದರು. 2023ರ ಜೂನಿನಲ್ಲಿ ಫ್ರಾನ್ಸಿನ ಫ್ರೆಡರಿಕ್ ಮರಾಂ ಮತ್ತು ಜೊತೆಗಾರರು ಫಲಿತಾಂಶ ಪ್ರಕಟಿಸಿದರು. ಆ ಗೆರೆ ಸ್ಯಾಜಿಟೇರಿಯಸ್ ಎ ಸ್ಟಾರ್ ಕಡೆಗೇ ಕೈ ತೋರಿಸಿತು. ಅದನ್ನು ಓದಿದ ದಿನ ನಾನು ಅಂಗಡಿಯಲ್ಲಿ ಒಬ್ಬನೇ ಇದ್ದೆ. ಯಾರಿಗಾದರೂ ಹೇಳಬೇಕು ಅನ್ನಿಸಿ, ಎದುರಿನ ಬೆಸುಗೆ ಅಂಗಡಿಯ ಚಾಚಾನನ್ನು ಕರೆದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಅವರು ಊದುಕೊಳವೆ ಕೆಳಗಿಟ್ಟು ಪೂರ್ತಿ ಕೇಳಿದರು.

ಇನ್ನು ವರ್ಷದ ಲೆಕ್ಕ. ಆಕಾಶದಲ್ಲಿ ನಮಗೆ ಎಡ, ಬಲ, ಮೇಲೆ, ಕೆಳಗೆ ಕಾಣುತ್ತದೆ. ಆಳ ಕಾಣುವುದಿಲ್ಲ. ಮೋಡ ಕಪ್ಪುಕುಳಿಗಿಂತ ನಮ್ಮ ಕಡೆಗೆ ಇದ್ದರೆ ಬೆಳಕಿನ ಸುತ್ತು ಕಡಿಮೆ, ತಡವೂ ಕಡಿಮೆ. ಆಚೆ ಕಡೆ ಇದ್ದರೆ ಸುತ್ತು ಜಾಸ್ತಿ, ತಡವೂ ಜಾಸ್ತಿ. ಅದಕ್ಕೇ ಒಬ್ಬೊಬ್ಬರ ಅಂಕಿ ಒಂದೊಂದು. ಮೋಡಗಳೂ ಬೇರೆ ಬೇರೆ. ಕಪ್ಪುಕುಳಿ ಬೆಳಗಿದ್ದು ಒಂದೇ ಸಲ ಅಂತಲೂ ಇಲ್ಲ, ಎರಡು ಇರಬೇಕು ಅನ್ನುವ ಲೆಕ್ಕಗಳಿವೆ. ಧ್ರುವೀಕರಣ ಇಲ್ಲೂ ಕೆಲಸಕ್ಕೆ ಬರುತ್ತದೆ. ಬೆಳಕು 90 ಡಿಗ್ರಿ ತಿರುಗಿ ಬಂದಿದ್ದರೆ ಅದು ಪೂರ್ತಿ ಇರುತ್ತದೆ. ಬಂದ ದಾರಿಯಲ್ಲೇ ವಾಪಸ್ ಬಂದರೆ ಏನೂ ಇರುವುದಿಲ್ಲ. ಇವರಿಗೆ ಸಿಕ್ಕಿದ್ದು ಸುಮಾರು 31 ಪ್ರತಿಶತ. ಅಂದರೆ ಬೆಳಕು ಯಾವ ಕೋನದಲ್ಲಿ ತಿರುಗಿತು ಅಂತ ಅಂದಾಜು ಸಿಕ್ಕಿತು. ಕೋನದಿಂದ ಆಳ, ಆಳದಿಂದ ತಡ. ಸುಮಾರು 200 ವರ್ಷ ಅನ್ನುವುದು ಬಂದದ್ದು ಹೀಗೆ. 31ರಲ್ಲಿ ಹನ್ನೊಂದು ಹೆಚ್ಚು ಕಡಿಮೆ ಇರಬಹುದು, ಹಾಗಾಗಿ ಇಸವಿ ಹೇಳಿ ತೋರಿಸುವಷ್ಟು ಖಚಿತ ಅಲ್ಲ. ಆದರೂ ನಾನು ಇದನ್ನೇ ನಂಬುತ್ತೇನೆ. ಇಲ್ಲಿ ಆಳವನ್ನು ಊಹಿಸಿಲ್ಲ, ಬೆಳಕಿನಿಂದಲೇ ತೆಗೆದಿದ್ದಾರೆ.

ಬೀದರ್ ಕೋಟೆ:

ಅನುಮಾನ ತೀರಿತು ಅಣ್ಣಾ. ಮೇಡಂ, ಮಕ್ಕಳಿಗೆ ಇದನ್ನೂ ಹೇಳಿ. 2025ರ ಜನವರಿಯಲ್ಲಿ ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಆಕಾಶದಿಂದ ದೊಡ್ಡ ಬಲೂನು ಇಳಿದಾಗ ಊರೆಲ್ಲ ಓಡಿತ್ತು. ಹೈದರಾಬಾದಿನಿಂದ ಸಂಶೋಧನೆಗೆ ಬಿಟ್ಟ ಬಲೂನು ಅದು. 1960ರ ದಶಕದ ಕೊನೆಯಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ಹೈದರಾಬಾದಿನಿಂದ ಇಂಥ ಬಲೂನುಗಳಿಗೆ ಉಪಕರಣ ಕಟ್ಟಿ ಆಕಾಶದ ಎಕ್ಸ್‌ರೇ ನೋಡಲು ಶುರು ಮಾಡಿದರು. ನಮ್ಮ ದೇಶದ ಎಕ್ಸ್‌ರೇ ಖಗೋಳ ಬೆಳೆದದ್ದು ನಮ್ಮ ತಲೆಯ ಮೇಲಿನ ಈ ಗಾಳಿಯಲ್ಲೇ. ಆಕಾಶದ ಎಕ್ಸ್‌ರೇಯನ್ನು ಗಾಳಿ ನುಂಗಿಬಿಡುತ್ತದೆ, ಅದಕ್ಕೇ ಮೇಲೆ ಹೋಗಬೇಕು. ಬಲೂನು ಹೋಗುವ 35, 40 ಕಿಲೋಮೀಟರಿಗೂ 6.4 ತಲುಪುವುದಿಲ್ಲ, ಹೆಚ್ಚು ಶಕ್ತಿಯವು ಮಾತ್ರ ಸಿಗುತ್ತವೆ. ಅಣ್ಣನ ಮೊಳೆಯ ಅಂಕಿ ನೋಡಲು ಉಪಗ್ರಹವೇ ಬೇಕು. 2015ರಲ್ಲಿ ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ ಹೋಯಿತು. 2024ರ ಜನವರಿ 1ಕ್ಕೆ ಹೋದ ಎಕ್ಸ್‌ಪೋಸ್ಯಾಟ್ ಇದೇ ಧ್ರುವೀಕರಣ ಅಳೆಯುವುದು. ಅದರ ಮುಖ್ಯ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾಯಿತು.

ಅದೇ ಜಲಸಂಗಿಯ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ, ಚಾಲುಕ್ಯ ವಿಕ್ರಮಾದಿತ್ಯನ ಹೆಸರು ಬರೆದಿದ್ದಾಳೆ. ನಾನು ಚಿಕ್ಕವನಿದ್ದಾಗ ಅಜ್ಜಿ ತೋರಿಸಿದ್ದರು. ಮೋಡದ ವಿಷಯ ಓದುವಾಗ ಅವಳೇ ಕಣ್ಣ ಮುಂದೆ ಬಂದಳು.

ಭೀಮಾತೀರ:

ಇನ್ನೂ ಹಳೆಯದು ಬೇಕೆಂದರೆ, ಇರೋಸಿಟಾ ದುರ್ಬೀನು 2020ರಲ್ಲಿ ತೋರಿಸಿದ ಗುಳ್ಳೆಗಳನ್ನು ನೋಡಿ. ಹಾಲುಹಾದಿಯ ಮೇಲೊಂದು, ಕೆಳಗೊಂದು ಬಿಸಿ ಅನಿಲದ ಗುಳ್ಳೆ, ಒಂದೊಂದೂ ಹತ್ತಾರು ಸಾವಿರ ಬೆಳಕಿನ ವರ್ಷ ಅಗಲ. ಲಕ್ಷಾಂತರ ವರ್ಷದ ಹಿಂದಿನ ಕಥೆ. ಉಬ್ಬಿಸಿದ್ದು ಕಪ್ಪುಕುಳಿಯೋ, ಒಟ್ಟಿಗೆ ಹುಟ್ಟಿ ಸತ್ತ ನಕ್ಷತ್ರಗಳೋ ಅನ್ನುವ ವಾದ ಇನ್ನೂ ನಡೆದಿದೆ.

ಸುರಪುರ ಟೀಚರ್:

ಎಲ್ಲರಿಗೂ ಕೈಮುಗಿಯುತ್ತೇನೆ. ಸೋಮವಾರ ಆಯಿತು, ಅದನ್ನು ಹೇಳಲು ಬಂದೆ.

ಶಾಲೆಯ ಹಿಂದೆ ಬಂಡೆಗಲ್ಲಿನ ಬೆಟ್ಟ ಇದೆ, ಸ್ವಲ್ಪ ಬಲಕ್ಕೆ ದೂರದಲ್ಲಿ ಇನ್ನೊಂದು. ಹೆಡ್ ಮಾಸ್ಟರ್ ಹತ್ತಿರ ಅನುಮತಿ ಕೇಳಿ ದೀಪಾವಳಿಯಲ್ಲಿ ಉಳಿದ ಒಂದು ಪಟಾಕಿ ತಂದಿದ್ದೆ. ಮಕ್ಕಳನ್ನು ದೂರ ನಿಲ್ಲಿಸಿ ನಾನೇ ಹಚ್ಚಿದೆ. ಢಬ್ ಅಂತು. ಒಂದು ಸೆಕೆಂಡ್ ಆದ ಮೇಲೆ ಹತ್ತಿರದ ಬೆಟ್ಟ ಢಬ್ ಅಂತು. ಮಕ್ಕಳು ಕೂಗಲು ಶುರು ಮಾಡಿದರು, ಸುಮ್ಮನಿರಿ ಅಂದೆ. ಆಮೇಲೆ ದೂರದ ಬೆಟ್ಟದಿಂದ ಮೆತ್ತಗೆ ಮೂರನೆಯದು ಬಂತು. ಅದಕ್ಕೆ ಎಲ್ಲರೂ ನಿಂತಲ್ಲೇ ನಿಂತರು.

ಆಮೇಲೆ ಬಸ್ಸಿನ ಲೆಕ್ಕ ಹೇಳಿದೆ. ಮೊಳೆಯ ಕಥೆಯನ್ನೂ ಹೇಳಿದೆ. ಧ್ರುವೀಕರಣವನ್ನು ಒಂದು ಹಗ್ಗ ಅಲ್ಲಾಡಿಸಿ ತೋರಿಸಿದೆ. ಅದು ಅರ್ಧ ಮಕ್ಕಳಿಗೆ ಹತ್ತಲಿಲ್ಲ, ಇನ್ನೊಮ್ಮೆ ಮಾಡಬೇಕು.

ಪ್ರಶ್ನೆ ಕೇಳಿದವಳು ಎಲ್ಲಾ ಕೇಳಿದ ಮೇಲೆ ಬೆಟ್ಟದ ಕಡೆ ನೋಡುತ್ತಾ, "ಹಂಗಾರ ಈಗಿಂದೂ ಯಾವುದರೆ ಮೋಡಕ್ಕ ಹೋಗಿ ಬಡೀತಿರತೈತಿ, ಟೀಚರ್" ಅಂದಳು. ಆಮೇಲೆ, "ಅಣ್ಣಾರ ಮಷೀನ್ಯಾಗ ನಮ್ಮ ಸಾಲಿ ಗಂಟಿ ಇಟ್ರ 6.4 ಬರತೈತೇನ್ರಿ?" ಅಂತ ಕೇಳಿದಳು. ನಮ್ಮ ಗಂಟೆ ರೈಲು ಹಳಿಯ ತುಂಡು.

ಟಂಚ್ ಅಂಗಡಿ, ಕಲಬುರಗಿ:

ಖಂಡಿತ ಬರುತ್ತದೆ ಅಕ್ಕೋರೆ. ಹಳಿ ಅಂದರೆ ಉಕ್ಕು, ಮ್ಯಾಂಗನೀಸ್ ಕೂಡ ಇರುತ್ತದೆ. ಅದರ ಗೆರೆ 5.9ರಲ್ಲಿ ಸಣ್ಣಗೆ ಕಂಡರೂ ಕಾಣಬಹುದು. ಗಂಟೆ ನನ್ನ ಮಷೀನಿನ ಒಳಗೆ ಹಿಡಿಸುವುದಿಲ್ಲ. ಅಂಚಿನಲ್ಲಿ ಬಿದ್ದ ಚೂರು ಇದ್ದರೆ ಕಾಗದದಲ್ಲಿ ಕಟ್ಟಿಕೊಂಡು ಬರಲಿ.

ಮಕ್ಕಳನ್ನು ಕಲಬುರಗಿಯ ವಿಜ್ಞಾನ ಕೇಂದ್ರಕ್ಕೆ ಕರೆತರುವ ದಿನ ನನ್ನ ಅಂಗಡಿಗೂ ಬನ್ನಿ. ಸಣ್ಣ ಜಾಗ, ಐದೈದು ಜನ ಒಳಗೆ ಬರಲಿ, ಉಳಿದವರಿಗೆ ಎದುರಿನ ಚಾಚಾ ಬೆಸುಗೆ ತೋರಿಸುತ್ತಾರೆ, ಅವರನ್ನು ಕೇಳಿದ್ದೇನೆ. ಕ್ಯಾಲೆಂಡರ್ ಇನ್ನೂ ಗೋಡೆಗೆ ಹಾಕಿಲ್ಲ. ಮೊಳೆ ಮಷೀನಿನ ಪಕ್ಕದಲ್ಲೇ ಇಟ್ಟಿದ್ದೇನೆ.